ಅವ್ವನ ಮೂಲೆಗೆ ಇಟ್ಟ ಕಳ್ಳದೀಪ

ಲಕ್ಷ್ಮೇಶ್ವರ
೧೮ ನವೆಂಬರ್ ೨೦೨೪

ಚಿರಂಜೀವಿ ತಮ್ಮ ಕಿರಣಕುಮಾರನಿಗೆ,

ನಿನ್ನ ಅಕ್ಕ ವಿದ್ಯಾಶ್ರೀ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಆರಾಮ. ಅಲ್ಲಿ ಅವ್ವ, ನೀನು, ಅಂಕಿತಾ, ಕೂಸು ಸುಶ್ಮಿತಾ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ದೀಪಾವಳಿ ಪಾಡ್ಯದ ದಿನ ನಿನ್ನ ಅಂಗಡಿಯ ಪೂಜೆ ಮುಗಿಸಿಕೊಂಡು ಬಂದವಳು ಮರುದಿನದ ಒಂದು ಫೋನು ಬಿಟ್ಟರೆ ಮತ್ತೆ ಸುದ್ದಿ ಕೊಡಲಿಲ್ಲ, ಕ್ಷಮಿಸು. ತಡವಾದದ್ದು ಕೆಲಸದಿಂದಲ್ಲ, ಸಿಟ್ಟಿನಿಂದ. ಬರೆಯಲು ಕೂತಾಗಲೆಲ್ಲ ಮೊದಲ ಸಾಲಿಗೇ ಬೈಗುಳ ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ಇವತ್ತು ಆಶೀರ್ವಾದದ ತನಕವಾದರೂ ಬಂದಿದ್ದೇನೆ. ಮುಂದಿನದನ್ನು ಕೂತುಕೊಂಡು ಓದು.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಗೊಡುವುದಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ "ಅಕ್ಕಾ, ಗಿರಾಕಿ ಬಂದಾರ, ಆಮ್ಯಾಲೆ ಹಚ್ಚತೀನಿ" ಎಂದು ಇಟ್ಟುಬಿಡುತ್ತೀ. ನಿನ್ನ ಆ 'ಆಮ್ಯಾಲೆ' ಇನ್ನೂ ಬಂದಿಲ್ಲ. ವಾಟ್ಸಾಪಿನಲ್ಲಿ ಬರೆದರೆ ಒಂದು ಹೆಬ್ಬೆರಳು ಕಳಿಸಿ ಕೈ ತೊಳೆದುಕೊಳ್ಳುತ್ತೀ. ಈ ಕಾಗದಕ್ಕೆ ಹೆಬ್ಬೆರಳು ತೋರಿಸಲು ಬರುವುದಿಲ್ಲ.

ಮೊದಲು ನನ್ನ ಕೆಲಸದ ಮಾತು. ಪೂಜೆಗೆ ಬಂದ ಬೀಗರ ಮುಂದೆ ನೀನು ನನ್ನನ್ನು ತೋರಿಸಿ, "ನಮ್ಮಕ್ಕ ಈ ವಯಸ್ಸಿನ್ಯಾಗ ಗೇಮ್ ಆಡಾಕ ಕಲ್ಯಾಕತ್ತಾಳ್ರಿ" ಎಂದು ಹಲ್ಲು ಕಿರಿದೆ. ನಾನು ಗೇಮ್ ಆಡುವುದನ್ನು ಕಲಿಯುತ್ತಿಲ್ಲ. ಗೇಮಿನ ಒಳಗೆ ಬೆಳಕು ಇಡುವುದನ್ನು ಕಲಿಯುತ್ತಿದ್ದೇನೆ. ಒಂದು ಆಟ ತಯಾರಾಗುವಾಗ ಒಬ್ಬರು ಅದರೊಳಗೆ ಮನೆ, ಓಣಿ, ಗಿಡ ಮಾಡಿಡುತ್ತಾರೆ. ಇನ್ನೊಬ್ಬರು ಮನುಷ್ಯರನ್ನು ಮಾಡುತ್ತಾರೆ. ಅಷ್ಟಾದರೂ ಅಲ್ಲಿ ಏನೂ ಕಾಣುವುದಿಲ್ಲ. ಸೂರ್ಯ ಎಲ್ಲಿರಬೇಕು, ಕಿಟಕಿಯಿಂದ ಎಷ್ಟು ಬೆಳಕು ಬರಬೇಕು, ಯಾವ ಗೋಡೆ ಎಷ್ಟು ಬೆಳಕನ್ನು ತಿರುಗಿ ಕೊಡಬೇಕು ಎಂದು ಯಾರೋ ಒಬ್ಬರು ಕೂತು ಹೊಂದಿಸಬೇಕು. ಆಟಗಾರ ಬಾಗಿಲು ಬಿಟ್ಟು ಗೋಡೆಗೆ ಹೋಗಿ ಹಾಯದಂತೆ ಬೆಳಕೇ ಅವನಿಗೆ ದಾರಿ ತೋರಿಸಬೇಕು. ಇಷ್ಟು ವರ್ಷ ಸೀರೆಯ ಸೆರಗಿಗೆ ಕಂಪ್ಯೂಟರಿನಲ್ಲಿ ಚೌಕ ಚೌಕ ಗ್ರಾಫ್ ಹಾಕಿದವಳು ನಾನು. ಬಣ್ಣ ಗೊತ್ತಿತ್ತು, ಬೆಳಕು ಗೊತ್ತಿರಲಿಲ್ಲ. ಅದಕ್ಕೇ ಶಿರಹಟ್ಟಿಯ ಮೇಲೆ ಹಾಯ್ದು ಬರುವ ಬಸ್ಸಿನಲ್ಲಿ ಗದಗಿಗೆ ಹೋಗಿ ಅಮೀರಾಳ ಕ್ಲಾಸಿನಲ್ಲಿ ಕೂರುತ್ತೇನೆ. ಅವಳು ನನಗಿಂತ ಎಷ್ಟೋ ಸಣ್ಣವಳು, ಬೈಯುವಾಗ ಮಾತ್ರ ನಮ್ಮ ಸೋದರತ್ತೆಯ ಹಾಗೆ.

ಮೊದಲ ಪಾಠದ ದಿನ ನಾನು ಉಮೇದಿನಿಂದ ಒಂದು ಕೋಣೆಗೆ ನಾಲ್ಕೂ ಕಡೆ ದೀಪ ಇಟ್ಟು, ಗೋಡೆಗೆ ಗಿಳಿಹಸಿರು ಹಚ್ಚಿ ಕೂತಿದ್ದೆ. ಅವಳು ಹಿಂದೆ ನಿಂತು ನೋಡಿ ಹಣೆ ಹಿಡಿದುಕೊಂಡಳು.

"ಅಕ್ಕಾರ, ಇದೇನ್ರಿ, ಮದವಿ ಮಂಟಪ ಮಾಡೀರಿ! ಮೊದಲ ಬಣ್ಣ ಎಲ್ಲಾ ತಗೀರಿ. ಗ್ವಾಡಿ, ನೆಲ, ಸಾಮಾನ ಎಲ್ಲಾ ಬೂದಿ ಬಣ್ಣ ಮಾಡ್ರಿ. ದೀಪಾನೂ ತಗೀರಿ. ಪೂರಾ ಕತ್ತಲಾ ಮಾಡ್ರಿ. ಈಗ ಒಂದ ಮಾತ ಕೇಳ್ರಿ. ಬೆಳಕ ಎಲ್ಲಿಂದ ಬರತೈತಿ?"

ಅಷ್ಟೇ ಅವಳ ಪಾಠ. ಬೆಳಕು ಎಲ್ಲಿಂದ ಬರುತ್ತದೆ, ಏನಕ್ಕೆ ಬಡಿಯುತ್ತದೆ, ಬಡಿದ ಮೇಲೆ ಎಲ್ಲಿಗೆ ಹೋಗುತ್ತದೆ. ಈ ಮೂರನ್ನು ಕೇಳದೆ ಮೌಸು ಮುಟ್ಟಿದರೆ ಕೈ ಮೇಲೆ ಸ್ಕೇಲಿನಿಂದ ಹೊಡೆಯುವವಳ ಹಾಗೆ ನೋಡುತ್ತಾಳೆ.

ಆಮೇಲೆ ಹೋಮ್‌ವರ್ಕ್ ಕೊಟ್ಟಳು. ನಮಗೆ ಚೆನ್ನಾಗಿ ಗೊತ್ತಿರುವ ಒಂದು ಕೋಣೆ ಮಾಡಬೇಕು, ಅದಕ್ಕೆ ಒಂದೇ ಕಡೆಯಿಂದ ಬೆಳಕು ಬರಬೇಕು. ನನಗೆ ಬೇರೆ ಯಾವ ಕೋಣೆಯೂ ನೆನಪಾಗಲಿಲ್ಲ. ಬೆಟಗೇರಿಯ ನಮ್ಮ ಮಗ್ಗದ ಮನೆ, ಮಾಳಿಗೆಯಲ್ಲಿ ಒಂದೇ ಬೆಳಕಿಂಡಿ ಇದ್ದದ್ದು, ನೀನು ಕೆಡವಿ ಅಂಗಡಿ ಕಟ್ಟಿಸಿದ್ದು. ಕೆಡವಿದ್ದಕ್ಕೆ ನನಗೆ ಬೇಜಾರಿಲ್ಲ, ಅದನ್ನು ಇಲ್ಲಿ ಸೇರಿಸಿಕೊಳ್ಳಬೇಡ. ಗೋಡೆ ಉಬ್ಬಿತ್ತು, ಮೇಲಿನ ಮಣ್ಣು ಉದುರುತ್ತಿತ್ತು, ಯಾರ ತಲೆಯ ಮೇಲಾದರೂ ಬೀಳುತ್ತಿತ್ತು. ಆದರೆ ಆ ಮನೆಯೊಳಗಿನ ಬೆಳಕನ್ನು ನೋಡಿದವರು ಈಗ ನಾನು ಮತ್ತು ಅವ್ವ ಇಬ್ಬರೇ. ಅಪ್ಪ ಹೋದರು. ನಿನಗೆ ಬುದ್ಧಿ ಬರುವಷ್ಟರಲ್ಲಿ ಮಗ್ಗ ಎತ್ತಿಯಾಗಿತ್ತು.

ಅಳತೆ ಕೇಳಲು ಬೆಟಗೇರಿಗೆ ಬಂದು ಅವ್ವನ ಹತ್ತಿರ ಕೂತೆ. ಯಾಕೆ ಎಂದು ಅವಳಿಗೆ ಹೇಳಿರಲಿಲ್ಲ. "ಯವ್ವಾ, ಬೆಳಕಿಂಡಿ ಎಲ್ಲಿತ್ತ ಬೇ?" ಎಂದೆ.

"ನಿಮ್ಮಪ್ಪನ ತಲಿ ಮ್ಯಾಲ. ಮಗ್ಗದ ಕುಣಿ ತೋಡಿದ್ದ ಅದನ್ನ ನೋಡಿ."

"ನಿನ್ನ ತಲಿ ಮ್ಯಾಲ?"

"ನನ್ನ ತಲಿ ಮ್ಯಾಲ ಗಳಾ ಇತ್ತಲ್ಲ, ಅದರ ಮ್ಯಾಲ ನೂಲಿನ ಲಡಿ ಜೋತ ಬಿಟ್ಟಿರ್ತಿದ್ವಿ. ಅದರ ಬುಡಕ ನನ್ನ ರಾಟಿ."

"ಗ್ವಾಡಿಗೆ ಏನ ಬಳೀತಿದ್ದಿ?"

"ಮಗ್ಗದ ಕಡಿಗೆ ಸುಣ್ಣ. ನನ್ನ ಕಡಿಗೆ ಕೆಮ್ಮಣ್ಣ. ಅಲ್ಲೆ ಯಾರ ನೋಡಾವ್ರು, ಹೊಲಸ ಕಾಣಬಾರ್ದಂತ."

ಇದನ್ನೆಲ್ಲ ಅವಳು ಬೇಸರದಿಂದ ಹೇಳಲಿಲ್ಲ, ಸಾರಿಗೆ ಎಷ್ಟು ಉಪ್ಪು ಹಾಕಬೇಕೆಂದು ಹೇಳುವಂತೆ ಹೇಳಿದಳು. ಬೇಸರವಾದದ್ದು ನನಗೆ. ಅಪ್ಪ ಕಾಲು ಇಳಿಬಿಟ್ಟು ಕೂತು ನೇಯುವ ಕುಣಿಯ ಮೇಲೆ ಬೆಳಕಿಂಡಿ, ಅಪ್ಪನ ಸುತ್ತ ಬಿಳಿ ಗೋಡೆ. ದಿನವಿಡೀ ಲಾಳಿಯ ಕಂಡಿಕೆಗೆ ನೂಲು ಸುತ್ತುವ ಹೆಂಗಸು ಲಡಿಯ ಬುಡದಲ್ಲಿ, ಕೆಂಪು ಗೋಡೆಯ ಮೂಲೆಯಲ್ಲಿ. ನಮ್ಮ ಮನೆಯಲ್ಲಿ ಮಾತ್ರ ಅಲ್ಲ, ಆ ಓಣಿಯ ಮಗ್ಗದ ಮನೆಗಳಲ್ಲೆಲ್ಲ ಹೀಗೇ ಇತ್ತು. ಯಾರೂ ಬೇಕೆಂದು ಮಾಡಿದ್ದಲ್ಲ ಎಂದು ನೀನು ಅನ್ನಬಹುದು. ಬೇಡವೆಂದು ಯಾರೂ ತಪ್ಪಿಸಲೂ ಇಲ್ಲ ಎಂದು ನಾನು ಅನ್ನುತ್ತೇನೆ.

ಈಗ ಸೀರೆಯ ಕಥೆಗೆ ಬರುತ್ತೇನೆ. 'ದ್ಯಾಮವ್ವನ ಸೀರೆ' ಎಂದರೆ ನೀನು ನಗುತ್ತೀ. ನಿನಗೆ ಆ ನಗೆ ಮಾತ್ರ ಗೊತ್ತು, ಯಾಕೆಂದರೆ ಆಗ ನೀನು ತೊಟ್ಟಿಲಲ್ಲಿದ್ದೆ. ನಾನು ಹೊಸ್ತಿಲಲ್ಲಿ ಕೂತು ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಅಪ್ಪ ಚಂದ್ರಕಾಳಿ ಸೀರೆ ನೇಯುತ್ತಿದ್ದರು, ಪೂರಾ ಕಪ್ಪು ಒಡಲಿನದು. ಅದರ ಹಿಂದೆಯೇ ಹಸಿರು ಒಡಲಿನ ಸೀರೆ ಹಿಡಿಯುವುದಿತ್ತು, ಆದ್ದರಿಂದ ಕರಿ ಕಂಡಿಕೆ, ಗಾಢ ಹಸಿರಿನ ಕಂಡಿಕೆ ಎರಡನ್ನೂ ಅವ್ವ ಸುತ್ತುತ್ತಿದ್ದಳು. ಒಂದು ಸಂಜೆ ಅವಳು ಕೊಟ್ಟ ಕರಿ ಕಂಡಿಕೆಗಳ ಬುಟ್ಟಿಯಲ್ಲಿ ಹಸಿರಿನವೂ ಸೇರಿಬಿಟ್ಟವು. ಹೊತ್ತು ಮುಳುಗಿದ ಮೇಲೆ ಅಪ್ಪ ನೋಡದೆ ಲಾಳಿಗೆ ಹಾಕಿ ನೇಯ್ದರು. ಬೆಳಿಗ್ಗೆ ಬೆಳಕಿಂಡಿಯ ಬಿಸಿಲು ಬಿದ್ದಾಗ ಕರಿ ಸೀರೆಯ ನಡುವೆ ನಾಲ್ಕು ಬೆರಳಗಲ ಹಸಿರು ಪಟ್ಟೆ ಎದ್ದು ಕಂಡಿತು.

ಅಪ್ಪ ಕೂಗಾಡಿದರು. "ಕಣ್ಣ ಇಲ್ಲೇನ ನಿನಗ? ಕರಿ ಯಾವ್ದು ಹಸರ ಯಾವ್ದು ಗುರ್ತ ಸಿಗೂದಿಲ್ಲೇನ?" ಎಂದು ಕೈಯಲ್ಲಿದ್ದ ಲಾಳಿ ಎಸೆದರು. ಅವ್ವನ ಹುಬ್ಬಿನ ಮೇಲೆ ಗಾಯದ ಗುರುತು ಇದೆಯಲ್ಲ, ಬಾವಿಯ ಕಟ್ಟೆ ಬಡಿದದ್ದು ಎಂದು ನಿನಗೆ ಹೇಳಿದ್ದಾರಲ್ಲ, ಅದು ಬಾವಿಯ ಕಟ್ಟೆಯಲ್ಲ. ರಕ್ತ ಒರೆಸಿಕೊಳ್ಳುತ್ತ ಅವ್ವ ಒಂದೇ ಮಾತು ಹೇಳಿದಳು. "ನನಗ ಕರಿದ ಕಂಡಿತ್ತರಿ."

ಆ ಮಾತನ್ನು ಅವಳು ಎಂದೂ ಬಿಡಲಿಲ್ಲ. ಅಪ್ಪ ಶಾಂತವಾದ ಮೇಲೆ "ಹೋಗ್ಲಿ, ತಪ್ಪಾತಂತ ಒಪ್ಪು" ಎಂದರು. ಒಪ್ಪಲಿಲ್ಲ. ಅಜ್ಜಿ ಹೇಳಿದಳು, ಒಪ್ಪಲಿಲ್ಲ. ಆ ಸೀರೆಯನ್ನು ಕೊನೆಗೆ ಅವ್ವನೇ ಉಟ್ಟು ಹರಿದಳು, ಅದಕ್ಕೇ ಅದು ದ್ಯಾಮವ್ವನ ಸೀರೆ. ಶಿಗ್ಲಿಯ ದೇವವ್ವ ಚಿಗವ್ವ ಮದುವೆ, ತೊಟ್ಟಿಲು, ತಿಥಿ ಯಾವುದಕ್ಕೆ ಬಂದರೂ ನಾಲ್ಕು ಜನ ಕೂಡಿದರೆ ಸಾಕು, "ಏ ದ್ಯಾಮವ್ವಾ, ಈ ಹಸರ ಪತ್ಲ ನಿನಗ ಕರಿ ಕಾಣತೈತೇನ?" ಎಂದು ಶುರು ಮಾಡುತ್ತಾಳೆ. ಎಲ್ಲರೂ ನಗುತ್ತಾರೆ. ಅವ್ವ ನಗುವುದಿಲ್ಲ, ಸಿಟ್ಟಾಗುವುದೂ ಇಲ್ಲ. "ನನಗ ಕರಿದ ಕಂಡಿತ್ತ ಬಿಡವಾ" ಎಂದು ಹೇಳಿ ತನ್ನ ಕೆಲಸಕ್ಕೆ ಹೋಗುತ್ತಾಳೆ. ಅವಳದು ಹಟ ಎಂದು ನಾನೂ ಅಂದುಕೊಂಡಿದ್ದೆ.

ಹೀಗಿರುವಾಗ ನನ್ನ ಹೋಮ್‌ವರ್ಕ್ ಮುಗಿಯುತ್ತ ಬಂತು, ಉಳಿದದ್ದನ್ನು ಕ್ಲಾಸಿನಲ್ಲೇ ಕೂತು ಮಾಡಿದೆ. ಬೆಳಕಿಂಡಿಯಿಂದ ಸಂಜೆಯ ಬಿಸಿಲು ಇಳಿಸಿದೆ. ಗೋಡೆಗೆ ಸುಣ್ಣ, ಕೆಮ್ಮಣ್ಣು ಹಚ್ಚಿದೆ. ಲಡಿ ಜೋತು ಬಿಟ್ಟೆ. ಮೂಲೆಯಲ್ಲಿ ರಾಟಿ ಇಟ್ಟು ಅವ್ವನನ್ನು ಕೂರಿಸಿದೆ. ಸುಮ್ಮನೆ ಇರಲಿ ಎಂದು ಅವಳ ಮುಂದೆ ಬುಟ್ಟಿ ಇಟ್ಟು ಕರಿ ಕಂಡಿಕೆ, ಹಸಿರು ಕಂಡಿಕೆ ಹಾಕಿದೆ. ಆಮೇಲೆ ಕಂಪ್ಯೂಟರಿಗೆ ಬೆಳಕಿನ ಲೆಕ್ಕ ಮಾಡಲು ಬಿಟ್ಟೆ. ಲೆಕ್ಕ ಮುಗಿದು ಚಿತ್ರ ತೆರೆದಾಗ ಬುಟ್ಟಿಯಲ್ಲಿ ಹಸಿರು ಇರಲಿಲ್ಲ. ಎಲ್ಲವೂ ಕರಿ.

ಬಣ್ಣ ಹಚ್ಚಲು ಮರೆತೆ ಎಂದುಕೊಂಡೆ. ಹಚ್ಚಿತ್ತು. ಬುಟ್ಟಿಯನ್ನು ಮೌಸಿನಿಂದ ಎಳೆದು ಬೆಳಕಿಂಡಿಯ ಕೆಳಗೆ ತಂದೆ, ಹಸಿರು ಕಂಡಿಕೆ ಹಸಿರಾಯಿತು. ತಿರುಗಿ ಅವ್ವನ ಮೂಲೆಗೆ ಒಯ್ದೆ, ಕರಿಯಾಯಿತು. ತಂದೆ, ಒಯ್ದೆ, ತಂದೆ, ಒಯ್ದೆ. ಅಮೀರಾ ಬಂದು ನೋಡಿದಳು.

"ತಪ್ಪಿಲ್ರಿ ಅಕ್ಕಾರ, ಬರೋಬ್ಬರಿ ಐತಿ. ಈ ಮೂಲಿಗೆ ಬಿಸಲ ಸೀದಾ ಬರೂದಿಲ್ಲ. ಕೆಂಪ ಗ್ವಾಡಿಗೆ ಬಡದ ಬರತೈತಿ, ಬರೂಮುಂದ ಗ್ವಾಡಿ ಬಣ್ಣಾನೂ ಕರಕೊಂಡ ಬರತೈತಿ. ಕೆಂಪ ಬೆಳಕಿನ್ಯಾಗ ಗಾಢ ಹಸರ ಯಾವತ್ತೂ ಕರ್ರಗ ಕಾಣತೈತಿ. ಅಲ್ಲೆ ಕುಂತಾವ್ರಿಗೆ ಎರಡೂ ಕರಿನ."

ತಮ್ಮಾ, ನನಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು. ಕಂಪ್ಯೂಟರ್ ಹೇಳಿದ್ದನ್ನೇ ನಂಬಬಾರದು ಎಂದು ಮನೆಗೆ ಬಂದು ಉಗ್ರಾಣದಲ್ಲಿ ಮೂರೂ ಕಡೆ ಕೆಂಪು ಜಮಖಾನ ಕಟ್ಟಿ, ಖರೆ ನೂಲಿನ ಕಂಡಿಕೆ ಇಟ್ಟು, ಬಾಗಿಲು ಸ್ವಲ್ಪವೇ ತೆರೆದು ನಿಮ್ಮ ಭಾವನನ್ನು ಒಳಗೆ ಕರೆದೆ. ಯಾವುದು ಹಸಿರು ಎಂದು ಕೇಳಿದೆ. ಅವರು ಬಗ್ಗಿ, ಕಣ್ಣು ಕಿರಿದು ಮಾಡಿ, "ಎರಡೂ ಕರಿನ ಅದಾವಲ್ಲ, ಏನ ಹುಚ್ಚ ಹಿಡದೈತಿ ನಿನಗ" ಎಂದರು. ಆ ಬೈಗುಳ ಕೇಳಿ ಕುಣಿಯುವಷ್ಟು ಖುಷಿಯಾಯಿತು. ಅವ್ವ ಹಟ ಮಾಡಿರಲಿಲ್ಲ. ಅವಳ ಕಣ್ಣಿಗೆ ಕಂಡದ್ದನ್ನೇ ಹೇಳಿದ್ದಳು.

ಅಂದೇ ನಿಶ್ಚಯ ಮಾಡಿದೆ, ಇದನ್ನು ಎಲ್ಲರ ಮುಂದೆ ತೋರಿಸಬೇಕು. ಆಟದಂತೆಯೇ ಮಾಡಿದೆ. ಕೈಯಲ್ಲಿ ರಿಮೋಟು ಹಿಡಿದವರು ಮನೆಯೊಳಗೆ ನಡೆದು ಹೋಗಬೇಕು, ಅವ್ವನ ಮೂಲೆಯಿಂದ ಬುಟ್ಟಿ ಎತ್ತಬೇಕು, ಅದನ್ನು ಒಯ್ದು ಅಪ್ಪನ ಮಗ್ಗದ ಮುಂದೆ ಇಡಬೇಕು. ಎತ್ತುವಾಗ ಎಲ್ಲ ಕರಿ. ಬೆಳಕಿಂಡಿಯ ಕೆಳಗೆ ಬಂದಾಗ ಅರ್ಧ ಹಸಿರಾಗಬೇಕು. ದೇವವ್ವ ಚಿಗವ್ವನ ಕೈಯಿಂದಲೇ ಆ ಬುಟ್ಟಿ ಎತ್ತಿಸಬೇಕು, ಅವ್ವ ಪಕ್ಕದಲ್ಲಿ ಕೂತು ನೋಡಬೇಕು ಎಂದುಕೊಂಡಿದ್ದೆ. ನಿನ್ನ ಅಂಗಡಿಯ ಪೂಜೆಗೆ ಬಳಗವೆಲ್ಲ ಬರುವುದಿತ್ತು, ಗೋಡೆಗೆ ದೊಡ್ಡ ಟಿವಿ ಬರುವುದಿತ್ತು. ಹಳೆಯ ಮಗ್ಗದ ಮನೆಯನ್ನು ಗಿರಾಕಿಗಳಿಗೆ ತೋರಿಸುತ್ತೇನೆಂದು ನೀನೇ ಕೇಳಿದೆ. ಅದಕ್ಕೇ ಕೊಟ್ಟೆ.

ಕೊಡುವ ಮೊದಲು ನಿನ್ನನ್ನು ಕೂರಿಸಿ ಎಲ್ಲ ಹೇಳಲಿಲ್ಲವೇ? ಹೇಳಿದೆ. ಲಾಳಿ ಎಸೆದದ್ದು ಬಿಟ್ಟು ಎಲ್ಲವನ್ನೂ ಹೇಳಿದೆ, ಬುಟ್ಟಿ ತಂದು ಒಯ್ದು ತೋರಿಸಿದೆ. ನೀನು ತಲೆ ಆಡಿಸಿ, "ಭಾರಿ ಆಗೇತಿ ಅಕ್ಕಾ. ಆದ್ರ ಆ ಮೂಲಿ ಯಾಕ ಅಷ್ಟ ಕತ್ತಲ? ಅವ್ವನ ಮಾರೀನ ಕಾಣವಲ್ದು. ಒಂದ ಲೈಟ ಹಾಕು" ಎಂದೆ.

"ಅಲ್ಲೆ ಲೈಟ ಇದ್ದಿಲ್ಲಪಾ. ಇದ್ದಿದ್ರ ಈ ಕಥೀನ ಆಗ್ತಿದ್ದಿಲ್ಲ."

"ಗಿರಾಕಿ ಲೈಟ ಎಲ್ಲೈತಿ ಅಂತ ಹುಡಕಾಕ ಬರತಾರೇನ? ಪ್ರಲ್ಹಾದಪ್ಪ ಹೆಂಡ್ತೀನ್ನ ಕತ್ತಲದಾಗ ಕುಂದ್ರಿಸಿದ್ದ ಅಂತ ಮಂದಿ ಅನ್ನೂದ ಬ್ಯಾಡ. ಅಪ್ಪನ ಫೋಟೋಕ್ಕ ಮಾಲಿ ಹಾಕಿರ್ತೀವಿ ಅಲ್ಲೆ."

ನಾನು ಆಗುವುದಿಲ್ಲ ಎಂದೆ. ನೀನು "ಆತ ಬಿಡು, ನೀ ಹೇಳಿದಂಗ" ಎಂದೆಯಲ್ಲ, ಆಗಲೇ ನನಗೆ ಸಂಶಯ ಬರಬೇಕಿತ್ತು. ಇಷ್ಟು ಜಲ್ದಿ ನೀನು ಯಾರ ಮಾತು ಕೇಳಿದವನು?

ನೀನು ಅಮೀರಾಳ ಕ್ಲಾಸಿನ ಮಲ್ಲುವನ್ನು ಹಿಡಿದೆ. ನಾನು ಒಪ್ಪಿದ್ದೇನೆಂದು ಅವನಿಗೆ ಸುಳ್ಳು ಹೇಳಿದೆ. ಅವನು ಪಾಪ ನಂಬಿ ನಿನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಅವ್ವನ ಮೂಲೆಗೆ ಕಳ್ಳದೀಪ ಇಟ್ಟುಕೊಟ್ಟ. ಕಳ್ಳದೀಪ ಎಂದರೆ ಏನೆಂದು ಹೇಳುತ್ತೇನೆ, ನಮ್ಮ ಕ್ಲಾಸಿನಲ್ಲಿ ಹಾಗೇ ಕರೆಯುತ್ತೇವೆ. ಬುಡ್ಡಿ ಇಲ್ಲ, ಬತ್ತಿ ಇಲ್ಲ, ಬಲ್ಬು ಇಲ್ಲ, ಬೆಳಕು ಮಾತ್ರ ಇರುತ್ತದೆ. ಆಟಗಾರನಿಗೆ ದಾರಿ ಕಾಣದಿದ್ದಾಗ, ಮುಖ ಕಾಣದಿದ್ದಾಗ ಗಾಳಿಯಲ್ಲಿ ಅಂಥದ್ದೊಂದು ದೀಪ ತೂಗಿಬಿಡುತ್ತಾರೆ. ಅದು ತಪ್ಪು ಎಂದು ನಾನು ಅನ್ನುವುದಿಲ್ಲ, ನಾನೂ ಇಟ್ಟಿದ್ದೇನೆ. ರಾಕ್ಷಸನ ಗವಿಯಲ್ಲಿ ಇಡು, ಅರಮನೆಯಲ್ಲಿ ಇಡು, ಯಾರ ಗಂಟು ಹೋಗುತ್ತದೆ? ನಮ್ಮ ಅವ್ವನ ಮೂಲೆಯಲ್ಲಿ ಇಡಬಾರದಿತ್ತು. ಆ ಮೂಲೆಯಲ್ಲಿ ಬೆಳಕು ಇರಲಿಲ್ಲ ಎನ್ನುವುದೊಂದೇ ಅವಳ ಪರವಾಗಿದ್ದ ಸಾಕ್ಷಿ.

ಪಾಡ್ಯದ ದಿನ ಏನಾಯಿತು ಎಂದು ನಿನಗೂ ಗೊತ್ತು. ನೀನು ಗಿರಾಕಿಗಳಿಗೆ ಪೇಢೆ ಹಂಚುತ್ತ ಅರ್ಧ ನೋಡಿರಬಹುದು, ಪೂರಾ ನೋಡಿದ್ದು ನಾನು. ದೇವವ್ವ ಚಿಗವ್ವನ ಕೈಗೆ ನಾನೇ ರಿಮೋಟು ಕೊಟ್ಟೆ. ಅವ್ವನನ್ನು ಹೊಸ ಪತ್ತಲದಲ್ಲಿ ಮುಂದಿನ ಕುರ್ಚಿಯ ಮೇಲೆ ಕೂರಿಸಿದೆ. ಟಿವಿಯಲ್ಲಿ ಬಾಗಿಲು ತೆರೆಯಿತು. ಒಳಗೆ ಮನೆ ಮನೆಯಂತಿರಲಿಲ್ಲ, ನಿನ್ನ ಅಂಗಡಿಯ ಶೋಕೇಸಿನಂತೆ ಬೆಳ್ಳಗೆ ಹೊಳೆಯುತ್ತಿತ್ತು. ಮೂಲೆಯಲ್ಲಿ ಅವ್ವನ ಮುಖ, ಅವಳ ಮೂಗುತಿ, ಕೈಬಳೆ, ಒಂದೊಂದು ಎಳೆ ನೂಲು ಕಾಣುತ್ತಿತ್ತು. ಬುಟ್ಟಿಯಲ್ಲಿ ಕರಿ ಕಂಡಿಕೆಯ ನಡುವೆ ಹಸಿರು ಕಂಡಿಕೆಗಳು ಕಣ್ಣಿಗೆ ರಾಚುತ್ತಿದ್ದವು. ಹೇಗೆ ನಿಲ್ಲಿಸಬೇಕೆಂದು ತಿಳಿಯುವ ಮೊದಲೇ ಚಿಗವ್ವ ಚಪ್ಪಾಳೆ ಹೊಡೆದಳು.

"ಯವ್ವಾ ಯವ್ವಾ, ನೋಡ್ರೇ ಇಲ್ಲೆ! ಹಸರ ಹೆಂಗ ಹೊಳ್ಯಾಕತ್ತೈತಿ! ಏ ದ್ಯಾಮವ್ವಾ, ಇಷ್ಟ ಬೆಳಕಿನ್ಯಾಗ ಕುಂತ ಇದ ನಿನಗ ಕರಿ ಕಂಡಿತ್ತೇನ?"

ಅಂಗಡಿಯೆಲ್ಲ ನಕ್ಕಿತು. ಬೀಗರು ನಕ್ಕರು, ಅಂಕಿತಾ ಸೆರಗು ಬಾಯಿಗೆ ಹಿಡಿದು ನಕ್ಕಳು, ಅವಳಿಗೆ ಏನೂ ಗೊತ್ತಿರಲಿಲ್ಲ, ಅವಳ ತಪ್ಪಿಲ್ಲ. ನೀನೂ ನಕ್ಕೆ. ಎಲ್ಲ ಗೊತ್ತಿದ್ದ ನೀನು ಪೇಢೆಯ ಪೆಟ್ಟಿಗೆ ಹಿಡಿದುಕೊಂಡು ನಕ್ಕೆ. ನಾನು "ಅದು ಹಂಗಲ್ಲ, ಅಲ್ಲೆ ಬೆಳಕ ಇದ್ದಿಲ್ಲ" ಎಂದು ಕೂಗಿದೆ. "ಟಿವ್ಯಾಗ ಕಾಣಾಕತ್ತೈತಲ್ಲ ತಂಗಿ" ಎಂದು ಯಾರೋ ಅಂದರು. ಎಷ್ಟು ಸೊಗಸಾಗಿ ಮಾಡಿದ್ದಾಳೆ ಎಂದು ನನ್ನನ್ನೇ ಹೊಗಳಿದರು. ಆ ಹೊಗಳಿಕೆ ಕೇಳಿ ನಾಲಗೆ ಕಚ್ಚಿಕೊಂಡು ಸಾಯುವ ಹಾಗಾಯಿತು. ಅವ್ವ ಯಾವಾಗಲೂ ಹೇಳುವ ಮಾತು ಹೇಳುತ್ತಾಳೇನೋ ಎಂದು ಅವಳ ಮುಖ ನೋಡಿದೆ. ಅವಳು ಟಿವಿಯನ್ನೇ ನೋಡುತ್ತ ಕೂತಿದ್ದಳು.

ಮರುದಿನ ಫೋನು ಹಚ್ಚಿದರೆ ನೀನು ಏನೆಂದೆ? "ಒಂದ ದೀಪ ಹಾಕಿದ್ದಕ್ಕ ಇಷ್ಟ್ಯಾಕ ಕಿರಿಕಿರಿ ಅಕ್ಕಾ? ಅವ್ವನ ಮಾರಿ ಚಂದ ಕಾಣ್ಲಿ ಅಂತ ಮಾಡಿದ್ದು. ನನಗೂ ಅವ್ವ ಹೌದಿಲ್ಲೋ?" ಹೌದಪ್ಪ, ನಿನಗೂ ಅವ್ವ. ನೀನು ಅವಳಿಗೆ ಕಡಿಮೆ ಮಾಡಿದ್ದೀ ಎಂದು ನಾನು ಯಾವತ್ತೂ ಅಂದಿಲ್ಲ. ಔಷಧ ತಪ್ಪಿಸುವುದಿಲ್ಲ, ಸೊಂಟ ನೋವು ಎಂದರೆ ಅರ್ಧ ಅಂಗಡಿ ಬಿಟ್ಟು ಓಡಿ ಬರುತ್ತೀ. ಅದಕ್ಕೇ ನನ್ನ ಸಿಟ್ಟು ಇನ್ನೂ ಹೆಚ್ಚು. ಬೇರೆ ಯಾರಾದರೂ ಮಾಡಿದ್ದರೆ ಒಂದು ಸಾರಿ ಉಗಿದು ಬಿಟ್ಟುಬಿಡುತ್ತಿದ್ದೆ. ಅವಳ ಮುಖ ಚೆಂದ ಕಾಣಬೇಕಾಗಿತ್ತು ನಿನಗೆ. ಅವಳ ಮಾತು ಖರೆ ಎಂದು ಗೊತ್ತಾದ ಮೇಲೂ ನಿನಗೆ ಅವಳ ಮುಖವೇ ಬೇಕಾಯಿತು, ಅಪ್ಪನ ಫೋಟೋದ ಮಾಲೆ ಬೇಕಾಯಿತು.

ಅಪ್ಪನ ಹೆಸರು ಕೆಡುತ್ತದೆ ಎನ್ನುತ್ತೀಯಲ್ಲ, ಒಂದು ಮಾತು ಕೇಳುತ್ತೇನೆ. ಆ ಸಂಜೆ ಅದೇ ಹಸಿರು ಕಂಡಿಕೆಯನ್ನು ಅಪ್ಪ ಕೈಯಾರೆ ಲಾಳಿಗೆ ಹಾಕಿದರು, ನಾಲ್ಕು ಬೆರಳು ನೇಯ್ದರು. ಬೆಳಕಿಂಡಿಯ ಕೆಳಗೆ ಕೂತವರಿಗೂ ಬಿಸಿಲು ಹೋದ ಮೇಲೆ ಗುರುತು ಸಿಗಲಿಲ್ಲ. ನಿಮಗೆ ಕಣ್ಣಿಲ್ಲವೇ ಎಂದು ಅವರನ್ನು ಯಾರು ಕೇಳಿದರು? ದೇವವ್ವ ಚಿಗವ್ವ ಕೇಳಿದಳೇ? ನೀನು ಕೇಳುತ್ತೀಯಾ? ಅದು ಪ್ರಲ್ಹಾದಪ್ಪನ ಸೀರೆ ಯಾಕಾಗಲಿಲ್ಲ? ನನಗೂ ಅಪ್ಪ ಎಂದರೆ ಪ್ರೀತಿ ಇತ್ತು. ನೆಯ್ಯುವ ಕೈ ಅವರದು ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಈಗ ಅವರು ಎದುರಿಗಿದ್ದಿದ್ದರೆ ಈ ಕಾಗದದ ಅರ್ಧ ಅವರಿಗೇ ಬರೆಯುತ್ತಿದ್ದೆ.

ಈ ಕಾಗದ ಮುಟ್ಟಿದ ದಿನವೇ ಟಿವಿಯಲ್ಲಿರುವುದನ್ನು ತೆಗೆ. ನನ್ನ ಫೈಲು ನನ್ನ ಹತ್ತಿರ ಇದೆ, ಬೇಕಾದರೆ ಅದನ್ನು ಹಾಕು. ಕತ್ತಲು ಗಿರಾಕಿಗೆ ಹಿಡಿಸುವುದಿಲ್ಲ ಎಂದಾದರೆ ಅಲ್ಲಿ ಸೀರೆಯ ಜಾಹೀರಾತು ತೋರಿಸು, ನನಗೆ ಬೇಜಾರಿಲ್ಲ. ಬರುವ ವಾರ ದೇವವ್ವ ಚಿಗವ್ವನ ಮೊಮ್ಮಗಳ ಸೀಮಂತಕ್ಕೆ ಶಿಗ್ಲಿಗೆ ಹೋಗುತ್ತೀಯಲ್ಲ, ಅಲ್ಲಿ ಎಲ್ಲರ ಮುಂದೆ ಹೇಳು, ದೀಪ ಇಡಿಸಿದ್ದು ನಾನು ಎಂದು. ನಿನಗೆ ನಾಚಿಕೆಯಾದರೆ ಆಗಲಿ. ಮಲ್ಲುವಿಗೆ ನಾನು ಬೈದಿಲ್ಲ, ನೀನೂ ಅವನ ಮೇಲೆ ಹಾಕಬೇಡ.

ಅಂಕಿತಾಳಿಗೆ ನನ್ನ ಆಶೀರ್ವಾದ. ಸುಶ್ಮಿತಾಳಿಗೆ ಅತ್ತೆಯ ಮುದ್ದು, ಹಲ್ಲು ಬಂದಿದೆ ಎಂದು ಕೇಳಿದೆ, ಬೆರಳು ಕಚ್ಚಿಸಿಕೊಳ್ಳಲು ಬರುತ್ತೇನೆ. ಅಂಗಡಿ ಚೆನ್ನಾಗಿ ನಡೆಯಲಿ, ನಿನ್ನ ಕೈ ಮೇಲಾಗಲಿ. ಸಿಟ್ಟಿನಲ್ಲೂ ಇದನ್ನು ಮನಸಾರೆ ಬರೆದಿದ್ದೇನೆ, ಅನುಮಾನ ಬೇಡ.

ನಿನ್ನ ಅಕ್ಕ,
ವಿದ್ಯಾಶ್ರೀ

ತಾ. ಕ. — ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಬರೆಯದಿದ್ದರೆ ನೀನು ಏನು ಮಾಡಿದೆ ಎಂದು ನಿನಗೆ ತಿಳಿಯುವುದಿಲ್ಲ. ಮೊನ್ನೆ ನೀನು ಸರಕಿಗೆಂದು ಹೊರಗೆ ಹೋಗಿದ್ದಾಗ ನಾನು ಬೆಟಗೇರಿಗೆ ಬಂದಿದ್ದೆ. ಲ್ಯಾಪ್‌ಟಾಪಿನಲ್ಲಿ ನನ್ನ ಫೈಲು ತೆರೆದು ಅವ್ವನಿಗೆ ತೋರಿಸಿದೆ. ಬುಟ್ಟಿಯನ್ನು ಮೂಲೆಯಿಂದ ಬೆಳಕಿಗೆ ತಂದೆ, ಬೆಳಕಿನಿಂದ ಮೂಲೆಗೆ ಒಯ್ದೆ. "ನೋಡ ಬೇ, ನಿನಗ ಕರಿದ ಕಂಡಿತ್ತು. ನಿನ್ನ ಮಾತ ಖರೆ" ಎಂದೆ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ತಲೆ ಸವರಿ ಹೇಳಿದಳು, "ನನ್ನ ಮರ್ಯಾದಿ ಉಳಸಾಕ ನೀ ಇಷ್ಟ ಕತ್ತಲಾ ಮಾಡಿಯವಾ, ನನಗ ತಿಳೀತೈತಿ. ಅಂಗಡ್ಯಾಗ ಹಿರ್ಯಾರೆಲ್ಲಾ ಕೂಡಿ ನೋಡಿದ್ದ ಸುಳ್ಳ ಆಕ್ಕೈತೇನ? ಅಷ್ಟ ಬೆಳಕ ಇತ್ತಂದ್ರ ತಪ್ಪ ನಂದ. ಸುಮ್ಮನ ಇಷ್ಟ ವರ್ಷ ನಿಮ್ಮಪ್ಪನ ಜೋಡಿ ಹಟಾ ಮಾಡಿದ್ನಿ." ಎದ್ದು ಹೋಗಿ ಅಪ್ಪನ ಫೋಟೋದ ಮುಂದೆ ನಿಂತು ಕೈ ಮುಗಿದಳು. ಲಾಳಿ ಬಡಿದು ರಕ್ತ ಸೋರುವಾಗ ಒಪ್ಪದ ನಮ್ಮ ಅವ್ವ, ನಿನ್ನ ದೀಪ ನೋಡಿ ಒಪ್ಪಿಕೊಂಡಳು.